ಇಸ್ತ್ರಿಗೆ ಅಂಟಿದ ಅಡುಗೆ

ಟೈಲರಮ್ಮನ ಮನೆಗೆ ಬಂದ ಹೊಸ ಸೊಸೆ ಎಲ್ಲಕ್ಕಿಂತ ಮೊದಲು ಕಲಿತ ಕನ್ನಡದ ಮಾತು ‘ಸಾಕು’. ಸೌಟು ತಟ್ಟೆಯ ಹತ್ತಿರ ಬರುವ ಮೊದಲೇ “ಸಾಕು ಅತ್ತೆ” ಅನ್ನುತ್ತಿದ್ದಳು. ದೂರದ ಸೀಮೆಯ ಹುಡುಗಿ, ಗುಬ್ಬಿಯ ಹಾಗೆ ನಾಲ್ಕು ಅಗುಳು ತಿಂದು ಎದ್ದುಬಿಡುವಳು. ಮದುವೆಗೆಂದು ಅತ್ತೆಯೇ ಹೊಲಿದುಕೊಟ್ಟ ಅಂಗಿಯನ್ನು, ಸಡಿಲವಾಯಿತೆಂದು, ಆಗಲೇ ಎರಡು ಸಲ ಬಗಲಲ್ಲಿ ಹಿಡಿದು ಹೊಲಿದದ್ದಾಗಿತ್ತು.

“ಇನ್ನೊಂದ್ಸಲ ಹಿಡಿದ್ರೆ ಅಂಗಿ ಇರತ್ತೆ, ಒಳಗೆ ಹುಡುಗಿ ಇರಲ್ಲ ಕಣೋ,” ಎಂದು ಟೈಲರಮ್ಮ ಮಗನನ್ನು ತರಾಟೆಗೆ ತೆಗೆದುಕೊಂಡಳು. ಅವನು ತಲೆ ಕೆರೆದುಕೊಂಡು, ಅವಳ ಊರ ಕಡೆ ಅಕ್ಕಿಯ ತೆಳ್ಳನೆ ಹಾಳೆಯಲ್ಲಿ ಸೊಪ್ಪು ತರಕಾರಿ ಸುತ್ತಿ ತಿನ್ನುತ್ತಾರಂತೆ, ಅದನ್ನೇ ನೆನೆಸಿಕೊಳ್ಳುತ್ತಿರುತ್ತಾಳೆ ಎಂದ.

ಮರುದಿನ ಟೈಲರಮ್ಮ ಹೊಲಿಗೆ ಅಂಗಡಿಗೆ ಬೀಗ ಜಡಿದು, ಸೊಸೆಯ ಕಡೆಯವರ ಅಡುಗೆ ಸಾಮಾನು ಸಿಗುವ ಏಷ್ಯನ್ ಮಾರ್ಕೆಟ್ಟಿಗೆ ಹೊರಟಳು. ಒಳಗೆ ಕಾಲಿಟ್ಟರೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಾಯಿತು. ತೊಟ್ಟಿಯೊಳಗಿನ ಮೀನೊಂದು, ಹೇಳಿದ ದಿನಕ್ಕೆ ಬಟ್ಟೆ ಸಿಗದ ಗಿರಾಕಿಯಂತೆ ಅವಳನ್ನೇ ದುರುಗುಟ್ಟಿ ನೋಡಿತು. ಸೀಸೆಗಳೆಲ್ಲ ಒಂದೇ ಕಪ್ಪು, ಮೇಲಿನ ಅಕ್ಷರಗಳೋ ಹೊಲಿಗೆ ತಪ್ಪಿದ ನೂಲಿನಂತೆ. ಕಣ್ಣನ್ನು ನಂಬಿ ಪ್ರಯೋಜನವಿಲ್ಲವೆಂದು ಬೆರಳನ್ನು ನಂಬಿದಳು. ಒಣ ಅಣಬೆ ಮಖಮಲ್ಲಿನಂತಿತ್ತು. ಕೊನೆಗೆ, ಕಾಲರಿಗೆ ಹಾಕುವ ಕ್ಯಾನ್ವಾಸಿನಷ್ಟು ಬಿರುಸಾದ ದುಂಡನೆಯ ಅಕ್ಕಿ ಹಾಳೆಗಳು ಸಿಕ್ಕವು. ನೀರಲ್ಲಿ ಅದ್ದು, ಹರಡು, ಸುತ್ತು ಎಂದು ಅಂಗಡಿಯಾಕೆ ಕೈಸನ್ನೆಯಲ್ಲೇ ಹೇಳಿಕೊಟ್ಟಳು.

ಅದ್ದುವುದನ್ನು ಟೈಲರಮ್ಮನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹೊಸ ಹತ್ತಿಬಟ್ಟೆಯನ್ನು ನೆನೆಸುವಷ್ಟೇ ಹೊತ್ತು ನೆನೆಸಿದಳು. ತೆಗೆದು ನೋಡಿದರೆ ಹಾಳೆಯೆಲ್ಲ ಸುಕ್ಕು. ಒದ್ದೆಯಾದದ್ದನ್ನು ಇಸ್ತ್ರಿ ಮಾಡದೆ ಕತ್ತರಿ ಮುಟ್ಟಿದ ಜನ್ಮವೇ ಅಲ್ಲ ಅವಳದು. ಮಡಿ ಬಟ್ಟೆ ಹಾಸಿ, ಹಾಳೆ ಹರಡಿ, ಇಸ್ತ್ರಿಪೆಟ್ಟಿಗೆ ಊರಿದಳು. ಎತ್ತಿದರೆ ಹಾಳೆಯೂ ಬಂತು, ಬಟ್ಟೆಯೂ ಬಂತು, ಸೀದ ವಾಸನೆಯೂ ಬಂತು.

ಆ ವಾಸನೆಗೇ ಸೊಸೆ ಓಡಿಬಂದಳು. ಅತ್ತೆಯನ್ನು ನೋಡಿದಳು, ಇಸ್ತ್ರಿಯಿಂದ ಜೋತಾಡುವ ಹಾಳೆಯನ್ನು ನೋಡಿದಳು, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತು ನಕ್ಕಳು. ಆ ಮನೆಯಲ್ಲಿ ಅವಳ ನಗು ಕೇಳಿದ್ದು ಅದೇ ಮೊದಲು.

“ನಗು ನಗು. ನಿಂಗೋಸ್ಕರ ಒದ್ದಾಡ್ತಿರೋದು. ಹೇಗೆ ಮಾಡೋದು ಅಂತ ನೀನೇ ತೋರಿಸು.”

“ನಂಗೂ ಬರಲ್ಲ ಅತ್ತೆ,” ಎಂದಳು ಸೊಸೆ ಕಣ್ಣೊರೆಸಿಕೊಳ್ಳುತ್ತ. “ಅಮ್ಮ ಮಾಡೋಳು, ನಾನು ತಿನ್ನೋಳು.”

ಸರಿ, ಬಾರದವರಿಬ್ಬರೂ ಕೂತರು. ಅಮ್ಮ ಹಾಳೆಯನ್ನು ನೀರಿಗೆ ತೋರಿಸಿದ ಹಾಗೆ ಮಾಡಿ ತೆಗೆದುಬಿಡುತ್ತಿದ್ದುದು ಸೊಸೆಗೆ ನೆನಪಿತ್ತು. ಹಾಗೇ ಅದ್ದಿದರೂ ಸೊಸೆ ಸುತ್ತಿದ್ದೆಲ್ಲ ಬಿರಿದು ಸೊಪ್ಪು ಉದುರಿತು. ಟೈಲರಮ್ಮ ಕಿತ್ತುಕೊಂಡು, ಅಂಚು ಮಡಚಿ, ಬಿಗಿಯಾಗಿ ಉರುಳಿಸಿದಳು. ದಿಂಬಿನ ಗವಸಿಗಿಂತ ಸುಲಭವೆಂದು ಬೀಗಿದಳು ಕೂಡ.

ಮಗ ಕೆಲಸದಿಂದ ಬರುವಷ್ಟರಲ್ಲಿ ತಟ್ಟೆ ಬರಿದಾಗಿತ್ತು. ಸೊಸೆ ಬೆರಳು ನೆಕ್ಕುತ್ತ ಹೊಸ ಮಾತೊಂದನ್ನು ಜೋಡಿಸಿಕೊಂಡಳು.

“ಸಾಲಲ್ಲ ಅತ್ತೆ.”

ಟೈಲರಮ್ಮ ಇನ್ನೊಂದು ಹಾಳೆಯನ್ನು ನೀರಿಗೆ ತೋರಿಸಿದಳು.

“ತಿನ್ನು ಮಗಳೇ. ನಿನ್ನ ಅಂಗೀಲಿ ಹಿಡಿದ ಬಟ್ಟೆನ ನಾನು ಕತ್ತರಿಸಿಲ್ಲ, ಹೊಲಿಗೆ ಒಳಗೇ ಬಿಟ್ಟಿದೀನಿ. ನಾಳೆನೇ ಬಿಚ್ಚೋಣ.”