ಮೂರನೆಯ ಬೆಂಚು

ಮೂರನೆಯ ಬೆಂಚು, ಕಿಟಕಿಯ ಪಕ್ಕ ಎಂದುಬಿಟ್ಟಿದ್ದ. ಬಾಯಿಗೆ ಬಂದದ್ದು ಅದು. ಪ್ರಿನ್ಸಿಪಾಲರು ಬಡಗಿಯನ್ನು ಕರೆಸಿ ಹಿತ್ತಾಳೆಯ ಫಲಕ ಕೂರಿಸಿಯೂ ಬಿಟ್ಟರು. ಈಗ ಅಲ್ಲಿ ಹುಡುಗಿಯ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ನಾಲ್ಕು ಸ್ಕ್ರೂ.

ಇಲ್ಲಿ ಓದಿ, ಹೆಚ್ಚಿನ ಓದಿಗೆಂದು ಹೊರದೇಶಕ್ಕೆ ಹೋದವಳು. ಅಲ್ಲಿನ ರೈಲು ನಿಲ್ದಾಣದಲ್ಲಿ ಭಯೋತ್ಪಾದಕರು ಇಟ್ಟ ಬಾಂಬಿಗೆ ಸಿಕ್ಕಿ ಸತ್ತಳು. ಅವಳು ಕೂರುತ್ತಿದ್ದ ಜಾಗವನ್ನೇ ಸ್ಮಾರಕ ಮಾಡೋಣ ಎಂದು ಕಾಲೇಜಿನವರು ತೀರ್ಮಾನಿಸಿದರು. ಜಾಗ ತೋರಿಸಬೇಕಾದವನು ಅವಳಿಗೆ ಎರಡು ವರ್ಷ ನೀತಿಶಾಸ್ತ್ರ ಕಲಿಸಿದ ಇವನು. ಇವನಿಗೆ ಅವಳ ಮುಖವೇ ನೆನಪಿಲ್ಲ.

ಪತ್ರಿಕೆಯ ಫೋಟೋ ನೋಡಿದಾಗಲೂ ದುಃಖ ಬರಲಿಲ್ಲ. ಬರಲಿಲ್ಲವಲ್ಲ ಎಂದು ನಾಚಿಕೆ ಬಂತು. ನಾಚಿಕೆಯಾದರೂ ಬಂತಲ್ಲ ಎಂದು ತನಗೆ ತಾನೇ ಒಂದೆರಡು ಮಾರ್ಕು ಕೊಟ್ಟುಕೊಂಡ.

ನೆನಪಿರುವುದಾದರೂ ಹೇಗೆ? ಇಷ್ಟು ವರ್ಷ ಅವನು ಪಾಠ ಮಾಡಿದ್ದು ಹಿಂದಿನ ಗೋಡೆಯ ಗಡಿಯಾರಕ್ಕೆ. ಹುಡುಗರ ಕಣ್ಣು ನೋಡಿದರೆ ಮಾತು ತಡವರಿಸುತ್ತಿತ್ತು. ಗಡಿಯಾರ ಆಕಳಿಸುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಬಿಡುಗಡೆ ಯಾವಾಗ ಎಂದೂ ಹೇಳುತ್ತದೆ.

ಆ ತರಗತಿಯಲ್ಲೇ ನಡೆದ ಸಭೆಯಲ್ಲಿ ಚೆನ್ನಾಗಿಯೇ ಮಾತಾಡಿದ. ಅವಳ ಚುರುಕು ಕಣ್ಣು, ಮೂರನೆಯ ಬೆಂಚಿನಿಂದ ಮೇಲೇಳುತ್ತಿದ್ದ ಕೈ, ಎಲ್ಲ ಬಂತು. ಒಂದು ಕಡೆ ಗಂಟಲೂ ಕಟ್ಟಿತು. ಸುಳ್ಳಿಗೂ ಕಟ್ಟುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಹುಡುಗಿಯ ತಾಯಿ ಒಬ್ಬರೇ ಉಳಿದರು. ಮೂರನೆಯ ಬೆಂಚಿನಲ್ಲಿ ಕೂತು ಫಲಕವನ್ನು ಅಂಗೈಯಿಂದ ಒರೆಸುತ್ತಿದ್ದರು. ಇವನು ಮೆಲ್ಲಗೆ ಜಾರಿಕೊಳ್ಳಲು ನೋಡಿದ.

"ಮೇಷ್ಟ್ರೇ, ನಿಮ್ಮ ಬಗ್ಗೆ ಬಹಳ ಹೇಳ್ತಿದ್ದಳು."

"ಹೌದಾ."

"ಅಷ್ಟು ಜನ ಇದ್ರೂ ಸರ್ ನನ್ನನ್ನೇ ನೋಡ್ಕೊಂಡು ಪಾಠ ಮಾಡ್ತಾರೆ ಕಣಮ್ಮ, ಕ್ಲಾಸ್ ತಪ್ಪಿಸೋಕೆ ಮನಸ್ಸೇ ಬರಲ್ಲ ಅನ್ನೋಳು."

ಅವನ ಕಣ್ಣು ಗಡಿಯಾರದತ್ತ ಹೋಯಿತು. ಅದರ ಕೆಳಗೆ ಕೊನೆಯ ಬೆಂಚು. ಹಾಗಾದರೆ ಅವಳು ಕೂತದ್ದು ಅಲ್ಲಿ. ಎರಡು ವರ್ಷ ಅವಳ ತಲೆಯ ಮೇಲಿಂದ ಇವನು ಸಮಯ ನೋಡಿದ್ದ.

ಫಲಕ ತಪ್ಪು ಬೆಂಚಿಗೆ ಬಿದ್ದಿದೆ ಅಮ್ಮ ಎಂದುಬಿಡಬೇಕು ಅನ್ನಿಸಿತು. ಈಗ ಹೇಗೆ ಗೊತ್ತಾಯಿತು ಎಂದು ಕೇಳಿದರೆ?

"ಐದು ನಿಮಿಷ ಪಾಠ ಮಾಡ್ತೀರಾ? ಅವಳನ್ನ ನೋಡ್ತಿದ್ದ ಹಾಗೇ ನನ್ನನ್ನೂ ನೋಡಿ."

ಸೀಮೆಸುಣ್ಣ ಕೈಗೆತ್ತಿಕೊಂಡ. ಸತ್ಯ ಎಂದರೇನು ಎಂಬಲ್ಲಿಂದ ಶುರುವಾಯಿತು. ಬೇರೆ ಪಾಠ ಬಾಯಿಗೆ ಬರಲಿಲ್ಲ. ತಾಯಿ ಕೈಕಟ್ಟಿ, ಮುಖವೆತ್ತಿ ಕಾದರು. ಆ ಮುಖ ನೋಡಲು ಅವನು ನಿಜವಾಗಿ ಪ್ರಯತ್ನಪಟ್ಟ. ದೃಷ್ಟಿ ಅವರನ್ನು ದಾಟಿ ಗಡಿಯಾರಕ್ಕೆ ಹೋಗಿ ನಿಂತಿತು.

ತಾಯಿ ತಿರುಗಿ ನೋಡಿದರು. ಎದ್ದು, ಒಂದೊಂದೇ ಬೆಂಚು ದಾಟುತ್ತ ಹಿಂದಕ್ಕೆ ನಡೆದು, ಗಡಿಯಾರದ ಕೆಳಗೆ ಕೂತು ಮತ್ತೆ ಮುಖವೆತ್ತಿದರು.

ಅವನು ಗಡಿಯಾರ ನೋಡುತ್ತ ಪಾಠ ಮುಂದುವರಿಸಿದ.