ಹಂಸ ಮೇಡಂ ನೋಡಿದ್ದಾರೆ

ಕಂಪ್ಯೂಟರಿನ ಮೇಜಿನ ಒಂದು ತುದಿಯನ್ನು ವರ್ಷಾ ಹಿಡಿದಿದ್ದಳು, ಇನ್ನೊಂದನ್ನು ಅವಳ ಅಪ್ಪ ಚಿಕ್ಕಬೀರಯ್ಯ. ಹಂಸ ಮೇಡಂ ಮನೆಯ ನಡುಮನೆಯಲ್ಲಿ ಜಾಗವಾಗಬೇಕಿತ್ತು. ಹಾಸನದ ಆಸ್ಪತ್ರೆಯಿಂದ ಅವರ ದೇಹ ತಂದ ಗಾಡಿ ಆಗಲೇ ಬಾಗಿಲಿಗೆ ಬಂದು ನಿಂತಿತ್ತು.

“ಮೆಲ್ಲಗೆ ಕಣವ್ವಾ, ವಸ್ಲು ಐತೆ,” ಎಂದ ಅಪ್ಪ.

ಮೇಜು ಒಳಕೋಣೆ ಸೇರಿತು. ಮೇಡಂ ನಡುಮನೆಯಲ್ಲಿ ಮಲಗಿದರು. ಇಪ್ಪತ್ತಾರು ವರ್ಷ ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಓಡಾಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳಿದ ಹೆಂಗಸು. ಮೊದಲು ಗಣಿತ ಹೇಳುತ್ತಿದ್ದವರು, ನಲವತ್ತು ದಾಟಿದ ಮೇಲೆ ತಾವೇ ಕಲಿತು ಕಂಪ್ಯೂಟರನ್ನೂ ಹೇಳಿಕೊಟ್ಟರು. ನಿನ್ನೆ ಸ್ಟಾಫ್ ರೂಮಿನಲ್ಲಿ ಎದೆ ಹಿಡಿದುಕೊಂಡು ಕುಳಿತವರು ಮೇಲೇಳಲಿಲ್ಲ.

ಬಂದವರು ಒಬ್ಬೊಬ್ಬರೂ ಒಂದೊಂದು ಹೇಳಿಕೊಂಡರು. ಮೇಡಂ ಅಂಗಡಿಯಲ್ಲಿ ಕುಕ್ಕರಿನ ಮುಚ್ಚಳವನ್ನು ಹತ್ತು ಸಲ ಹಾಕಿಸಿ ತೆಗೆಸಿದ್ದನ್ನು ಅವರ ನಾದಿನಿ ಸುಂದರಮ್ಮ ನೆನೆದರು. ಅಂಗಳದಲ್ಲಿ ನಿಂತಿದ್ದ ನಲ್ಲಿ ರಿಪೇರಿಯ ಕೆಂಪಣ್ಣ ಟವಲಿನಿಂದ ಮೂಗೊರೆಸಿಕೊಂಡ.

“ನಲ್ಲಿ ಅರ್ಧ ತಿರುಗ್ಸುದ್ರೆ ಏನಾಯ್ತದೆ ಕೆಂಪಣ್ಣ ಅನ್ನೋರು. ಯಾರು ಅರ್ಧ ತಿರುಗ್ಸಾರು ಅಂತ ನಗಾಡ್ದೆ. ಅರ್ಧಕ್ಕೇ ಸೋರ್ತು ಕಣ್ರವ್ವ.”

ಅಳುತ್ತಿದ್ದವರೂ ನಕ್ಕರು. ವರ್ಷಾ ಮಾತ್ರ ನಗಲಿಲ್ಲ. ಗೇಟಿನಲ್ಲಿ ಡಾಕ್ಟರ್ ಆತ್ರೇಯ ಕಾಣಿಸಿದ್ದರು. ಹಾಸನದಲ್ಲಿ ಮಕ್ಕಳ ನರ್ಸಿಂಗ್ ಹೋಮ್ ನಡೆಸುವವರು. ಹಾರ ಹಾಕಿ, ಕೈಮುಗಿದು, ನೇರ ಅವಳ ಬಳಿ ಬಂದರು.

“ಹಂಸ ಮೇಡಂ ನೋಡಿದ್ದಾರೆ ಅಂದ್ರಿ, ಅದಕ್ಕೇ ನಾನು ಇನ್ನೊಂದು ಮಾತು ಕೇಳ್ಲಿಲ್ಲ. ನಾಳೆ ಬೆಳಿಗ್ಗೆಯಿಂದ ವಾರ್ಡಲ್ಲಿ ನಿಮ್ಮ ಪ್ರೋಗ್ರಾಮೇ. ಅವರ ಕೊನೇ ಕೆಲಸ ಆಯ್ತು ನೋಡಿ.”

ವರ್ಷಾ ಹೆಗಲ ಚೀಲವನ್ನು ಎದೆಗವಚಿಕೊಂಡಳು.

*

ಎರಡು ಸಾವಿರದ ಒಂದರಲ್ಲಿ, ಶನಿವಾರದ ಲ್ಯಾಬು. ಕೇಳಲು ಬಂದ ವಿದ್ಯಾರ್ಥಿಗಳು ಏಳೇ ಜನ. ಬರೀ ಫಂಕ್ಷನ್‌ಗಳನ್ನು ಜೋಡಿಸಿ ಬರೆಯುವ ಹೊಸ ಬಗೆಯ ಭಾಷೆಯನ್ನು ಮೇಡಂ ಸಂಬಳವಿಲ್ಲದೆ ಕಲಿಸುತ್ತಿದ್ದರು. ಆ ಭಾಷೆ ಒಳಗೆ ಏನನ್ನೂ ಬಚ್ಚಿಡುವುದಿಲ್ಲ. ಒಂದೇ ಪ್ರಶ್ನೆಗೆ ಎಂದು ಕೇಳಿದರೂ ಒಂದೇ ಉತ್ತರ. ಅಂಕಿಯಿರಬೇಕಾದಲ್ಲಿ ಹೆಸರು ಬರೆದರೆ ಓಡುವ ಮೊದಲೇ ತಡೆಯುತ್ತದೆ. ಹಾಗಾಗಿ ಅದನ್ನು ಬರೆಯುವವರಿಗೆ ಒಂದು ಜಂಬ: ಯಂತ್ರ ಒಪ್ಪಿಕೊಂಡಿತೆಂದರೆ ಪ್ರೋಗ್ರಾಮು ಸರಿಯೇ, ಪರೀಕ್ಷೆ ಮಾಡುವುದು ಬೇರೆಯವರ ಪಾಡು. ಏಳು ಜನರಲ್ಲಿ ಆ ಜಂಬ ಹೆಚ್ಚಿದ್ದದ್ದು ವರ್ಷಾಗೆ.

ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವ ಪ್ರೋಗ್ರಾಮು ಬರೆದು, ಮೂರು ಉದಾಹರಣೆ ಓಡಿಸಿ ತೋರಿಸಿದಳು.

“ಇವು ನೀನು ಆರಿಸಿದ ಉದಾಹರಣೆ,” ಎಂದರು ಮೇಡಂ. “ಯಾವುದು ಎಂದೂ ತಪ್ಪಬಾರದೋ ಅದನ್ನ ಒಂದು ಸಾಲಲ್ಲಿ ಬರಿ. ಉದಾಹರಣೆ ಹುಡುಕೋದು ಯಂತ್ರಕ್ಕೆ ಬಿಡು. ಅದಕ್ಕೆ ನಿನ್ನ ಮೇಲೆ ದಾಕ್ಷಿಣ್ಯ ಇಲ್ಲ.”

ಎಷ್ಟು ಹೆಸರು ಒಳಗೆ ಹೋದವೋ ಅಷ್ಟೇ ಹೊರಗೆ ಬರಬೇಕು ಎಂದು ಅವಳು ಬರೆದಳು. ಯಂತ್ರ ತನಗೆ ತೋಚಿದ ಪಟ್ಟಿಗಳನ್ನು ಒಂದಾದ ಮೇಲೊಂದು ಎಸೆಯಿತು. ನಾಲ್ಕನೆಯದಕ್ಕೇ ಪ್ರೋಗ್ರಾಮು ಬಿದ್ದುಹೋಯಿತು: ಒಂದೇ ಹೆಸರಿನ ಇಬ್ಬರಿದ್ದರೆ ಒಬ್ಬರು ಮಾಯ. ವರ್ಷಾಗೆ ಅವಮಾನವಾಯಿತು. ಮೇಡಂ ಮುಖದಲ್ಲಿ ಮಾತ್ರ ಗರ್ಭಗುಡಿಯ ಬಾಗಿಲು ತೆರೆದಾಗಿನ ಬೆರಗು.

ಆ ಬೆರಗು ಪ್ರತಿ ಸಲವೂ ತನ್ನ ತಪ್ಪಿನಿಂದಲೇ ಹುಟ್ಟುವುದು ಅವಳಿಗೆ ವರ್ಷಗಟ್ಟಲೆ ಚುಚ್ಚಿತು. ಅದೇ ಕಾಲೇಜಿನಲ್ಲಿ ತಾನೂ ಮೇಡಂ ಆದ ಮೇಲೆ ಇನ್ನಷ್ಟು. ಮಗುವಿನ ತೂಕ ಕೊಟ್ಟರೆ ನಿಮಿಷಕ್ಕೆ ಎಷ್ಟು ಹನಿ ಡ್ರಿಪ್ ಹಾಕಬೇಕೆಂದು ಹೇಳುವ ಪ್ರೋಗ್ರಾಮನ್ನು ಹೋದ ತಿಂಗಳು ಬರೆದಾಗ, ಎರಡು, ಎರಡೂವರೆ, ಮೂರು ಕೆಜಿಗೆ ಓಡಿಸಿ ನೋಡಿದಳು. ಸರಿಯಿತ್ತು. ಮೇಡಂಗೆ ತೋರಿಸಲಿಲ್ಲ. ಡಾಕ್ಟರು ಕೇಳಿದಾಗ, ನೋಡಿದ್ದಾರೆ ಎಂದುಬಿಟ್ಟಳು.

*

ಅದು ಸುಳ್ಳೆಂದು ಹೇಳಬಲ್ಲ ಒಬ್ಬರೇ ಒಬ್ಬರು ಈಗ ಚಟ್ಟದ ಮೇಲಿದ್ದರು. ಸುಂದರಮ್ಮನ ಮಗ ಪ್ರದ್ಯುಮ್ನ ಮಡಕೆ ಹಿಡಿದು ಮುಂದೆ ನಡೆದ. ಗಂಡಸರು ಹೇಮಾವತಿಯ ದಂಡೆಯತ್ತ ಹೊರಟರು. ಸುಮ್ಮನಿದ್ದರೆ ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ ಎಂಬುದೇ ವರ್ಷಾಗೆ ಭಯ ತಂದಿತು. ಡಾಕ್ಟರು ಕಾರಿನ ಬಾಗಿಲಿಗೆ ಕೈಹಾಕಿದ್ದರು.

“ಸರ್, ಮೇಡಂ ನೋಡಿಲ್ಲ. ನಾನು ತೋರಿಸ್ಲೇ ಇಲ್ಲ.”

ಅವರು ತಿರುಗಿದರು. “ಯಾಕೆ?”

“ತಪ್ಪು ಸಿಕ್ಕಿಬಿಡುತ್ತೆ ಅಂತ.”

ಜಗಲಿಯ ಮೇಲೆ ಉಳಿದಿದ್ದ ಚಿಕ್ಕಬೀರಯ್ಯ ತಲೆ ತಗ್ಗಿಸಿದ. “ಅದ್ಯಾವ್ ಬುದ್ಧಿ ಮಗಾ,” ಎಂದ, ಅಷ್ಟೇ.

ಡಾಕ್ಟರು ಕಾರಿನ ಬಾಗಿಲಿನಿಂದ ಕೈ ತೆಗೆದು, ಈಗ ನೋಡಲಾಗುತ್ತದೆಯೇ ಎಂದು ಕೇಳಿದರು. ಫ್ಲಾಪಿ ಅವಳ ಚೀಲದಲ್ಲೇ ಇತ್ತು. ಒಳಗೆ ಸುಂದರಮ್ಮ ನೆಲ ತೊಳೆದು ದೀಪ ಹಚ್ಚಿಟ್ಟಿದ್ದರು. ಕಂಪ್ಯೂಟರ್ ಹಾಕಲೇ ಎಂದು ಕೇಳುವುದಕ್ಕೇ ವರ್ಷಾಗೆ ನಾಚಿಕೆ.

“ಸೂತಕದ ಮನೆ,” ಎಂದರು ಸುಂದರಮ್ಮ. ಆಮೇಲೆ, “ಹಾಕಮ್ಮ. ಅವಳಿದ್ದಿದ್ರೆ ಇದನ್ನ ನೋಡೋವರ್ಗೂ ನಿನ್ನ ಏಳೋಕ್ಕೇ ಬಿಡ್ತಿರ್ಲಿಲ್ಲ.”

ಯಾವುದು ಎಂದೂ ತಪ್ಪಬಾರದು? ವರ್ಷಾ ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಯೋಚಿಸಿದಳು. ಉಸಿರಾಡುವ ಯಾವ ಮಗುವಿಗೂ ಉತ್ತರ ಸೊನ್ನೆ ಬರಬಾರದು. ಇಷ್ಟು ಸಣ್ಣ ಮಾತು. ತೂಕ ಅರ್ಧ ಕೆಜಿಯಿಂದ ಐದರವರೆಗೆ ಎಂದರು ಡಾಕ್ಟರು. ಅವಳು ಆ ಸಾಲು ಬರೆದು ಓಡಿಸಿದಳು.

ಯಂತ್ರ ತನಗೆ ತೋಚಿದ ಹಾಗೆ ಎಸೆದ ಮೂವತ್ತೊಂದು ತೂಕಗಳು ದಾಟಿದವು. ಮೂವತ್ತೆರಡನೆಯದರಲ್ಲಿ ಪರದೆ ನಿಂತಿತು. ಎಂಟುನೂರ ಎಪ್ಪತ್ತು ಗ್ರಾಂ. ಹನಿ: ಸೊನ್ನೆ. ಒಂದಕ್ಕೆ ಕೂದಲೆಳೆಯಷ್ಟು ಕಡಿಮೆ ಬಂದ ಲೆಕ್ಕವನ್ನು ಅವಳ ಪ್ರೋಗ್ರಾಮು ಭಿನ್ನ ಬಿಟ್ಟು ಸೊನ್ನೆಗೆ ಇಳಿಸಿಬಿಟ್ಟಿತ್ತು.

ವರ್ಷಾಗೆ ಈ ಸಲ ಅವಮಾನವಾಗಲಿಲ್ಲ. ಇನ್ನೂ ಹುಟ್ಟದ, ಹೆಸರಿಲ್ಲದ ಯಾವುದೋ ಕೂಸು ತಾನಾಗಿ ಬಂದು ಎದುರು ನಿಂತ ಹಾಗಿತ್ತು.

“ಎಂಟ್ನೂರ್ ಎಪ್ಪತ್ತು ಗ್ರಾಮು ಅಂದ್ರೆ ಮಗ ಎಷ್ಟಿರ್ತದೆ ಸಾ?” ಬಾಗಿಲಲ್ಲಿ ನಿಂತಿದ್ದ ಚಿಕ್ಕಬೀರಯ್ಯ ಕೇಳಿದ.

ಡಾಕ್ಟರು ಎರಡು ಅಂಗೈಗಳನ್ನು ಜೋಡಿಸಿ, ಬೆರಳುಗಳನ್ನು ತುಸು ಮಡಚಿ, ಅಲ್ಲಾಡಿಸದೆ ಹಿಡಿದರು. ಚಿಕ್ಕಬೀರಯ್ಯ ಹತ್ತಿರ ಬಂದ. ಸುಂದರಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ವರ್ಷಾ ಕುರ್ಚಿಯಿಂದ ಎದ್ದಳು. ಮೂವರೂ ಬಗ್ಗಿ ಆ ಖಾಲಿ ಬೊಗಸೆಯೊಳಗೆ ನೋಡಿದರು.