ಓಬಳಮ್ಮನನ್ನು ಕರೆದ ಗಂಟೆ

ನಾನು ಒಂದು ಗಂಟೆ. ದೇವಸ್ಥಾನದ್ದಲ್ಲ, ಶಾಲೆಯದ್ದೂ ಅಲ್ಲ. ಆ ದೊಡ್ಡಸ್ತಿಕೆ ನನಗಿಲ್ಲ. ಬೋರಲು ಹಾಕಿದ ಹಿತ್ತಾಳೆ ಬಟ್ಟಲು, ನೆತ್ತಿಯ ಮೇಲೊಂದು ಗುಂಡಿ, ಅಡಿಗೊಂದು ಕಬ್ಬಿಣದ ತಟ್ಟೆ. ಗುಂಡಿ ಒತ್ತಿದರೆ ‘ಟಿಣ್’ ಅನ್ನುತ್ತೇನೆ. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತ ಜವಾನರು ಎದ್ದು ಒಳಗೆ ಬರುತ್ತಾರೆ. ನನಗೆ ಬರುವ ವಿದ್ಯೆ ಅದೊಂದೇ.

ಹುಟ್ಟಿದ್ದು ಮೊರಾದಾಬಾದಿನ ಒಂದು ಇಕ್ಕಟ್ಟಾದ ಕಾರ್ಖಾನೆಯಲ್ಲಿ. ಉಜ್ಜಿ ಹೊಳಪು ಕೊಟ್ಟವನು ಒಮ್ಮೆ ಒತ್ತಿ ನೋಡಿ, ತಲೆಯಾಡಿಸಿ, ಹುಲ್ಲು ತುಂಬಿದ ಪೆಟ್ಟಿಗೆಗೆ ಎಸೆದ. ಪೆಟ್ಟಿಗೆಯಲ್ಲಿ ನನ್ನಂಥವರು ಎರಡು ಡಜನ್ ಇದ್ದರು. ಯಾರು ಎಲ್ಲಿಗೆ ಹೋದರೋ ಕಾಣೆ. ನಾನು ಬಂದಿದ್ದು ಹಿರಿಯೂರಿಗೆ, ನೀರಾವರಿಗೆ ಸೇರಿದ ಒಂದು ಸಣ್ಣ ಕಚೇರಿಗೆ.

ಅಲ್ಲಿ ನನ್ನ ಕರೆಗೆ ಬರುತ್ತಿದ್ದವಳು ಓಬಳಮ್ಮ. ಗಂಡ ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದು ತೀರಿಕೊಂಡಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ. ಓದಿದ್ದು ಏಳನೇ ಕ್ಲಾಸು. ಆದರೆ ಅವಳಷ್ಟು ಓದುವ ಚಟ ಎಂ.ಎ. ಮಾಡಿದವರಿಗೂ ಇರಲಿಲ್ಲ. ಕಡ್ಲೆಕಾಯಿ ಕಟ್ಟಿದ ಕಾಗದ, ನಿನ್ನೆಯ ಪೇಪರು, ಪರೀಕ್ಷೆ ಕಟ್ಟುವ ಗುಮಾಸ್ತರು ಬಿಟ್ಟುಹೋದ ಸಾಮಾನ್ಯ ಜ್ಞಾನದ ಪುಸ್ತಕ, ಯಾವುದಾದರೂ ಸರಿ. ಸ್ಟೂಲಿನ ಮೇಲೆ ಕೂತು ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು.

ಅಷ್ಟರಲ್ಲಿ ನಾನು ಟಿಣ್ ಅನ್ನುತ್ತಿದ್ದೆ. ಅವಳು ‘ಬಂದೆ ಸಾರ್’ ಅಂತ ಎದ್ದು ಬರುತ್ತಿದ್ದಳು. ಫೈಲು ಕೊಡು, ನೀರು ತಾ, ಟೀ ಹೇಳು. ವಾಪಸು ಹೋಗುವ ಹೊತ್ತಿಗೆ ಪೇಪರನ್ನು ಇನ್ಯಾರೋ ಎತ್ತಿಕೊಂಡಿರುತ್ತಿದ್ದರು. ಹೀಗಾಗಿ ಓಬಳಮ್ಮನಿಗೆ ಪ್ರಪಂಚದ ಎಲ್ಲ ವಿಷಯವೂ ಗೊತ್ತಿತ್ತು, ಅರ್ಧರ್ಧ.

ನನ್ನನ್ನು ಅತಿ ಹೆಚ್ಚು ಒತ್ತಿದವರು ಮ್ಯಾನೇಜರ್ ತಿಪ್ಪೇರುದ್ರಪ್ಪನವರು. ಹತ್ತೊಂಬತ್ತು ವರ್ಷ. ಕೆಟ್ಟ ಮನುಷ್ಯರಲ್ಲ, ಆದರೆ ಶಿಸ್ತು ಅಂದರೆ ಶಿಸ್ತು. ಒಂದು ದಿನ ಓಬಳಮ್ಮ ಬಾಹ್ಯಾಕಾಶಕ್ಕೆ ಹೋದ ನಾಯಿಯ ಕಥೆ ಓದುತ್ತಿದ್ದಳು. ಲೈಕಾ ಅಂತ ಅದರ ಹೆಸರು, ರಷ್ಯಾದ ಬೀದಿನಾಯಿ. ಅದನ್ನು ರಾಕೆಟ್ಟಿನಲ್ಲಿ ಕೂರಿಸಿದರು ಅನ್ನುವಲ್ಲಿಗೆ ಬಂದಿದ್ದಳು, ತಿಪ್ಪೇರುದ್ರಪ್ಪನವರು ನನ್ನನ್ನು ಒತ್ತಿದರು. ಅವಳು ಪುಸ್ತಕ ಕೈಯಲ್ಲೇ ಹಿಡಿದು ಓಡಿಬಂದಳು. “ಡ್ಯೂಟಿ ಟೈಮಲ್ಲಿ ಇದೇನಮ್ಮ ಇದು? ಇಲ್ಲಿ ಕೊಡು” ಅಂತ ಪುಸ್ತಕ ಇಸಕೊಂಡು ಡ್ರಾಯರಿಗೆ ಹಾಕಿದರು. ಕೇಳಿದರೆ ಕೊಡುತ್ತಿದ್ದರೇನೋ. ಅವಳು ಕೇಳಲಿಲ್ಲ, ಅವರು ಮರೆತರು. ಕೈ ಅವರದು, ಸದ್ದು ನನ್ನದು. ನನಗೂ ಅದರಲ್ಲಿ ಪಾಲುಂಟು.

ಅವರು ರಿಟೈರಾದರು. ಎರಡು ವರ್ಷಕ್ಕೆ ಓಬಳಮ್ಮನೂ ರಿಟೈರಾದಳು. ಕಚೇರಿಗೆ ಕರೆಂಟಿನ ಬೆಲ್ ಬಂತು. ನನ್ನನ್ನು ಮೂರು ಮುರುಕು ಕುರ್ಚಿಗಳ ಜೊತೆ ಹರಾಜು ಹಾಕಿದರು. ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿದ ಪಂಪುಗಳ ನಡುವೆ ಎರಡು ತಿಂಗಳು ಬಿದ್ದಿದ್ದೆ. ಒಂದು ದಿನ ಹಳೇ ಹೊಲಿಗೆ ಮೆಷಿನ್ ಹುಡುಕಿಕೊಂಡು ಬಂದ ಓಬಳಮ್ಮ ನನ್ನನ್ನು ನೋಡಿ ನಿಂತಳು. “ಅಯ್ಯೋ, ಇದು ನಮ್ಮ ಬೆಲ್ಲು!” ಅಂದಳು. ಸೆರಗಿನಲ್ಲಿ ಒರೆಸಿದಳು. ಒತ್ತಿದಳು. ಅಷ್ಟು ವರ್ಷದಲ್ಲಿ ಅವಳ ಬೆರಳು ನನ್ನ ನೆತ್ತಿ ಮುಟ್ಟಿದ್ದು ಅದೇ ಮೊದಲು. ಗುಜರಿಯವನು ಮೆಷಿನ್ನಿನ ಜೊತೆ ಕೊಸರಿಗೆ ನನ್ನನ್ನು ಕೊಟ್ಟ.

ಮೆಷಿನ್ನು ಮಗಳು ತ್ರಿವೇಣಿಗೆ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ನಾನು ಓಬಳಮ್ಮನಿಗೆ, ಟಿವಿ ಮುಂದೆ ಇಡಲು. ಸಂಜೆ ಏಳೂವರೆಗೆ ‘ಹೇಳಿದವರೇ ಜಾಣರು’ ಅಂತ ರಸಪ್ರಶ್ನೆ ಕಾರ್ಯಕ್ರಮ ಬರುತ್ತಿತ್ತು. ಭಾನುವಾರ ಬಿಟ್ಟು ಆರು ದಿನವೂ ಓಬಳಮ್ಮ ತಪ್ಪಿಸುತ್ತಿರಲಿಲ್ಲ. ಏಳಕ್ಕೇ ಮುದ್ದೆ ಕಟ್ಟಿಟ್ಟು, ಮುಖ ತೊಳೆದು, ಹೂ ಮುಡಿದು ಕೂರುತ್ತಿದ್ದಳು. “ಟಿವಿಯವರು ನಿನ್ನ ನೋಡಲ್ಲ ಕಣಮ್ಮ” ಅಂತ ತ್ರಿವೇಣಿ ರೇಗಿಸುತ್ತಿದ್ದಳು. ಉತ್ತರ ಗೊತ್ತಾದವರು ಮೊದಲು ನನ್ನನ್ನು ಒತ್ತಬೇಕು, ಆಮೇಲೆ ಹೇಳಬೇಕು. ಇದು ಮನೆಯ ಕಾನೂನು.

ಒಂದು ಸಂಜೆ ವಾಕಿಂಗ್ ಹೊರಟಿದ್ದ ತಿಪ್ಪೇರುದ್ರಪ್ಪನವರು ಬೀದಿಯಲ್ಲಿ ನನ್ನ ಸದ್ದು ಕೇಳಿ ನಿಂತುಬಿಟ್ಟರು. “ಓಬಳಮ್ಮ, ಇದು ನನ್ನ ಬೆಲ್ಲಲ್ವ?” ಅಂತ ಬಾಗಿಲಿಗೇ ಬಂದರು. ಅವರ ಮನೆಯಲ್ಲಿ ಆ ಹೊತ್ತಿಗೆ ಹೆಂಡತಿಯ ಸೀರಿಯಲ್ಲು. ರಿಮೋಟು ಕೈಗೆ ಸಿಕ್ಕುವ ಮಾತೇ ಇಲ್ಲ. ಅಂದಿನಿಂದ ದಿನಾ ಏಳೂವರೆಗೆ ಹಾಜರು. ಮನೆಯಲ್ಲಿದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಅದು ಅವರಿಗೆ. ಓಬಳಮ್ಮ ನೆಲದ ಮೇಲೆ ಚಾಪೆಯಲ್ಲಿ.

ಅದರಲ್ಲೊಂದು ತೊಡಕಿತ್ತು. ಅವರು ನನ್ನನ್ನು ಒತ್ತಿದಾಗಲೆಲ್ಲ ಓಬಳಮ್ಮ ಚಾಪೆಯಿಂದ ಎದ್ದು ನಿಲ್ಲುತ್ತಿದ್ದಳು. “ಬಂದೆ ಸಾರ್” ಅಂತ ಬಾಯಿಗೂ ಬಂದುಬಿಡುತ್ತಿತ್ತು. “ಅಮ್ಮ, ಕೂತ್ಕೊಳ್ಳೇ!” ಅಂತ ತ್ರಿವೇಣಿ ನಗುತ್ತಿದ್ದಳು. ಓಬಳಮ್ಮನೂ ನಾಚಿಕೊಂಡು ನಗುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಇವಳದು ನೌಕರಿಯ ಗುಣ, ರಿಟೈರಾದರೂ ಹೋಗಲಿಲ್ಲ.

ಆಗ ಬಂತು ಆ ವಾರ. ಮನೆಯಲ್ಲಿ ಕೂತು ನೋಡುವವರಿಗೂ ಸ್ಪರ್ಧೆ ಅಂತ ಟಿವಿಯಲ್ಲಿ ಹೇಳಿದರು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಪ್ರಶ್ನೆ, ಉತ್ತರ ಮೊಬೈಲಿನಲ್ಲಿ ಕಳಿಸಬೇಕು. ಐದೂ ಸರಿಯಿದ್ದವರಲ್ಲಿ ಒಬ್ಬರಿಗೆ ಶನಿವಾರ ನೇರಪ್ರಸಾರದಲ್ಲೇ ಫೋನು. ಆ ಒಂದು ಪ್ರಶ್ನೆಗೂ ಸರಿ ಹೇಳಿದರೆ ಬೆಂಗಳೂರಿಗೆ ಕರೆಸಿ, ನಿರೂಪಕರ ಎದುರಿನ ಕುರ್ಚಿಯಲ್ಲಿ ಕೂರಿಸುತ್ತಾರೆ.

“ನಂಗೆ ಬಹುಮಾನ ಗಿಹುಮಾನ ಬೇಡ ಕಣೇ,” ಓಬಳಮ್ಮ ಮಗಳಿಗೆ ಹೇಳಿದಳು. “ಆ ಕುರ್ಚೀಲಿ ಒಂದ್ಸಲ ಕೂರ್ಬೇಕು. ಅಷ್ಟು ವರ್ಷ ಸರ್ವೀಸಲ್ಲಿ ಯಾರೂ ನಂಗೆ, ಕೂತ್ಕೊಮ್ಮ, ಏನು ಗೊತ್ತು ಹೇಳು ಅಂತ ಕೇಳ್ಲಿಲ್ಲ.” ನಾನು ಪಕ್ಕದಲ್ಲೇ ಇದ್ದೆ. ಅವಳು ಹಾಗೆ ಬಾಯಿಬಿಟ್ಟು ಏನನ್ನಾದರೂ ಆಸೆಪಟ್ಟಿದ್ದನ್ನು ನಾನು ಕೇಳಿರಲಿಲ್ಲ.

ಸೋಮವಾರ ದೇಶದ ರಾಷ್ಟ್ರೀಯ ಜಲಚರ ಯಾವುದು ಅಂತ ಕೇಳಿದರು. ಗಂಗಾ ನದಿಯ ಡಾಲ್ಫಿನ್. ಪ್ರಶ್ನೆ ಮುಗಿಯುವ ಮೊದಲೇ ಓಬಳಮ್ಮ ನನ್ನ ನೆತ್ತಿಗೆ ಕುಟ್ಟಿದ್ದಳು.

ಮಂಗಳವಾರದ್ದು ಅವಳಿಗೆಂದೇ ಕೇಳಿದ ಹಾಗಿತ್ತು. ಭೂಮಿಯನ್ನು ಸುತ್ತಿದ ಮೊದಲ ಪ್ರಾಣಿ? “ಲೈಕಾ!” ಅಂತ ಕೂಗಿದಳು. ತ್ರಿವೇಣಿ ಉತ್ತರ ಕಳಿಸುತ್ತ, “ನಾನು ಮೂರನೇ ಕ್ಲಾಸಲ್ಲಿದ್ದಾಗ ಊಟ ಮಾಡಿಸ್ತಾ ಹೇಳ್ತಿದ್ಯಲ್ಲಮ್ಮ, ಲೈಕಾ ಆಕಾಶದಿಂದ ವಾಪಸ್ ಬಂದು ಮುದ್ದೆ ತಿಂತು ಅಂತ” ಅಂದಳು.

“ಮುದ್ದೆ ನಾನು ಸೇರಿಸಿದ್ದು. ಬಂದಿದ್ದಂತೂ ಬಂದಿರುತ್ತೆ,” ಅಂದಳು ಓಬಳಮ್ಮ. “ಪೂರ್ತಿ ಓದ್ಲಿಲ್ಲ, ಅಷ್ಟರಲ್ಲಿ ಬೆಲ್ಲಾಯ್ತು.”

ತಿಪ್ಪೇರುದ್ರಪ್ಪನವರು ಯಾಕೋ ಕಾಫಿ ಲೋಟದೊಳಗೆ ನೋಡುತ್ತ ಕೂತರು.

ಬುಧವಾರ ಕಪ್ಪೆಯ ಹೃದಯಕ್ಕೆ ಎಷ್ಟು ಕೋಣೆ ಅಂತ ಪ್ರಶ್ನೆ. ನಾಲ್ಕು ಅಂತ ಸಾಹೇಬರು ಖಡಾಖಂಡಿತವಾಗಿ ಹೇಳಿದರು. ಓಬಳಮ್ಮ “ಹೌದು ಸಾರ್” ಅಂದಳು. ಆಮೇಲೆ ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ಮಗಳ ಕಿವಿಯಲ್ಲಿ, “ಮೂರು ಅಂತ ಕಳಿಸು” ಅಂದಳು. ಮರುದಿನ ಮೂರೇ ಸರಿ ಅಂತ ಗೊತ್ತಾದಾಗ, “ನನ್ನ ಮನಸಲ್ಲೂ ಮೂರೇ ಇತ್ತು” ಅಂದರು ತಿಪ್ಪೇರುದ್ರಪ್ಪನವರು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಗುರುವಾರ ರಾಜ್ಯದ ಪಕ್ಷಿ ನೀಲಕಂಠ, ಅದನ್ನು ಸಾಹೇಬರು ಹೇಳಿದರು. ಓಬಳಮ್ಮ ಎದ್ದು ನಿಂತು ಕೂತಳು. ಶುಕ್ರವಾರ ಒಂದು ಕ್ರಿಕೆಟ್ ಪ್ರಶ್ನೆ ಬಂತು, ಹಿರಿಯರಿಬ್ಬರಿಗೂ ಗೊತ್ತಿರಲಿಲ್ಲ, ಅದನ್ನು ತ್ರಿವೇಣಿ ಪಾರುಮಾಡಿದಳು.

ಶನಿವಾರ ಬೆಳಿಗ್ಗೆ ಟಿವಿಯವರ ಫೋನು ಬಂತು. ಓಬಳಮ್ಮನ ಹೆಸರೇ ಬಂದಿದೆ, ಸಂಜೆ ಮೊಬೈಲು ಕೈಯಲ್ಲೇ ಇಟ್ಟುಕೊಳ್ಳಿ, ಹದಿನೈದು ಸೆಕೆಂಡು ಟೈಮು. ಮಧ್ಯಾಹ್ನದೊಳಗೆ ಬೀದಿಗೆಲ್ಲ ಸುದ್ದಿ. ಓಬಳಮ್ಮ ಹಸಿರು ಅಂಚಿನ ರೇಷ್ಮೆ ಸೀರೆ ತೆಗೆದು, ಬೆಂಗಳೂರಿಗೆ ಇದನ್ನೇ ಉಡುವುದು ಅಂತ ಬಿಸಿಲಿಗೆ ಹರವಿದಳು.

ಸಂಜೆ ಬಾಗಿಲ ತುಂಬ ಜನ. ಸಾಹೇಬರು ಕುರ್ಚಿಯಲ್ಲಿ, ಅವಳು ಚಾಪೆಯಲ್ಲಿ, ನಾನು ನಡುವೆ. ನನ್ನನ್ನು ಒಳಗೆ ಎತ್ತಿಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಫೋನು ಬಂತು. ನಿರೂಪಕರು ನಮಸ್ಕಾರ ಹೇಳಿ, ಊರು ಕೇಳಿ, ಪ್ರಶ್ನೆ ಓದಿದರು. “ಮಾರಿಕಣಿವೆ ಅಂತ ಕರೆಯೋ ವಾಣಿವಿಲಾಸ ಸಾಗರ ಅಣೆಕಟ್ಟನ್ನ ಯಾವ ನದಿಗೆ ಕಟ್ಟಿದ್ದಾರೆ?”

ಬಾಗಿಲಲ್ಲಿ ನಿಂತವರೆಲ್ಲ ಹೋ ಎಂದರು. ಅದು ನಮ್ಮೂರ ಅಣೆಕಟ್ಟು, ನಮ್ಮೂರ ನದಿ. ಅದರ ಫೈಲು ಹೊತ್ತೇ ಓಬಳಮ್ಮನ ಮಂಡಿ ಸವೆದಿದ್ದು. ಅವಳ ಮುಖ ಅರಳಿತು, ಬಾಯಿ ತೆರೆದಳು.

ಅದೇ ಗಳಿಗೆಗೆ ತಿಪ್ಪೇರುದ್ರಪ್ಪನವರು ಖುಷಿ ತಡೆಯಲಾರದೆ ನನ್ನನ್ನು ಒತ್ತಿಬಿಟ್ಟರು. ಉತ್ತರ ಗೊತ್ತಾದರೆ ಒತ್ತುವುದು ಅಭ್ಯಾಸವಾಗಿತ್ತಲ್ಲ. ನಾನು ಟಿಣ್ ಅಂದೆ. ಅನ್ನದೆ ಏನು ಮಾಡಲಿ?

“ಬಂದೆ ಸಾರ್,” ಅಂದಳು ಓಬಳಮ್ಮ ಫೋನಿನೊಳಕ್ಕೆ. ಫೋನನ್ನು ಚಾಪೆ ಮೇಲಿಟ್ಟಳು. ಎದ್ದಳು. ಕುರ್ಚಿಯ ಮುಂದೆ ಬಂದು, ಫೈಲು ಇಸಕೊಳ್ಳುವವಳ ಹಾಗೆ ಎರಡೂ ಕೈ ಚಾಚಿ ನಿಂತಳು.

“ಅಮ್ಮ, ವೇದಾವತಿ ಅನ್ನೇ!” ಅಂತ ತ್ರಿವೇಣಿ ಕಿರುಚುತ್ತ ಫೋನಿಗೆ ಹಾರುವಷ್ಟರಲ್ಲಿ ಹದಿನೈದು ಸೆಕೆಂಡು ಮುಗಿದಿತ್ತು. “ಲೈನಲ್ಲಿ ಏನೋ ತೊಂದರೆ ಅಂತ ಕಾಣುತ್ತೆ,” ಅಂದರು ನಿರೂಪಕರು. “ಪರವಾಗಿಲ್ಲ ತಾಯಿ, ಭಾಗವಹಿಸಿದ್ದಕ್ಕೆ ವಂದನೆ.” ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬೀದಿಯವರು ಮೊದಲು ನಕ್ಕರು. ಆಮೇಲೆ ಅವಳ ಮುಖ ನೋಡಿ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಓಬಳಮ್ಮ ತನ್ನ ಚಾಚಿದ ಕೈಗಳನ್ನೇ ನೋಡಿಕೊಂಡಳು. ಆಮೇಲೆ ತಲೆಯೆತ್ತಿದಳು.

“ಹತ್ತೊಂಬತ್ತು ವರ್ಷ ಒತ್ತಿದ್ದು ಸಾಲ್ದಾ ಸಾರ್ ನಿಮಗೆ?”

ಅವಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ತಿಪ್ಪೇರುದ್ರಪ್ಪನವರು ಮೆಲ್ಲಗೆ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು. ಓಬಳಮ್ಮ ರೇಷ್ಮೆ ಸೀರೆ ಮಡಿಸಿ ಪೆಟ್ಟಿಗೆಗೆ ಹಾಕಿದಳು. ಮಡಿಸುತ್ತ ಮಡಿಸುತ್ತ ಅತ್ತಳು. ನನಗೆ ಆ ಹೊತ್ತು ಗುಜರಿಯಲ್ಲೇ ಕರಗಿ ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸೋಮವಾರ ಕಾರ್ಯಕ್ರಮದ ಹೊತ್ತಾಯಿತು, ಏಳೂವರೆ. ಓಬಳಮ್ಮ ಟಿವಿ ಹಾಕಿರಲಿಲ್ಲ. ಮೊದಲ ಸಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಾನೇ ಕೂತಿದ್ದಳು. ಹೊಸ್ತಿಲಾಚೆ ಯಾರೋ ನಿಂತ ನೆರಳು ಬಿತ್ತು. ತಿಪ್ಪೇರುದ್ರಪ್ಪನವರು. ಒಳಗೆ ಬರಲೊಲ್ಲರು, ಹೋಗಲೂ ಒಲ್ಲರು. ಕಂಕುಳಲ್ಲಿ ಒಂದು ಹಳೇ ಪುಸ್ತಕ.

ಓಬಳಮ್ಮ ಆ ಪುಸ್ತಕದ ಕಡೆ ನೋಡಿದಳು. ಆಮೇಲೆ ಕೈ ಚಾಚಿ ನನ್ನನ್ನು ಒತ್ತಿದಳು. ಟಿಣ್.

“ಬಂದೆ,” ಅಂದರು ತಿಪ್ಪೇರುದ್ರಪ್ಪನವರು. ಒಳಗೆ ಬಂದರು. ಓಬಳಮ್ಮ ಏಳಲು ಹೋದಳು. “ಕೂತ್ಕೊಮ್ಮ,” ಅಂದು ತಾವೇ ಮಂಡಿ ಹಿಡಿದುಕೊಂಡು ಚಾಪೆಯ ಮೇಲೆ ಕೂತರು. ಪುಸ್ತಕ ಮುಂದಿಟ್ಟರು. “ಇದು ನಿಂದು. ರಿಟೈರಾದಾಗ ನನ್ನ ಸಾಮಾನಿನ ಜೊತೆ ಬಂದಿತ್ತು. ಮಂಗಳವಾರವೇ ನೆನಪಾಯ್ತು, ಹೇಳಕ್ಕೆ ನಾಚಿಕೆ ಆಯ್ತು.”

“ನಂಗೀಗ ಸಣ್ಣಕ್ಷರ ಕಾಣಲ್ಲ ಸಾರ್. ನೀವೇ ಓದಿ.”

ಅವರು ಮೂಲೆ ಮಡಿಸಿದ್ದ ಪುಟ ತೆರೆದು ಕನ್ನಡಕ ಏರಿಸಿದರು. ಮಾಸ್ಕೋ ಬೀದಿಯಲ್ಲಿ ಅಲೆಯುತ್ತಿದ್ದ ನಾಯಿಯನ್ನು ಹಿಡಿದು ತಂದರು, ತರಬೇತಿ ಕೊಟ್ಟರು, ರಾಕೆಟ್ಟಿನಲ್ಲಿ ಕೂರಿಸಿದರು. ಅಲ್ಲಿಗೆ ಬಂದು ಸಾಹೇಬರು ನಿಲ್ಲಿಸಿದರು. ಮುಂದಿನ ಸಾಲು ಅವರ ಕಣ್ಣಿಗೆ ಬಿದ್ದಿತ್ತು.

“ನಿಲ್ಲಿಸ್ಬೇಡಿ ಸಾರ್. ಪೂರ್ತಿ ಓದಿ.”

ಅವರು ಓದಿದರು. ಅದನ್ನು ವಾಪಸು ಕರೆತರುವ ಏರ್ಪಾಡು ಮೊದಲಿಂದಲೂ ಇರಲಿಲ್ಲ. ಲೈಕಾ ಮೇಲೆಯೇ ಸತ್ತುಹೋಯಿತು.

ತ್ರಿವೇಣಿಯ ಮೆಷಿನ್ನು ನಿಂತಿತು. ಓಬಳಮ್ಮ ಕುರ್ಚಿಯ ಕೈಯನ್ನು ಸವರುತ್ತ ಕೂತಿದ್ದಳು.

“ಪಾಪ,” ಅಂದಳು. “ಯಾರೋ ಕರೆದ್ರು ಅಂತ ಎದ್ದು ಹೋಗಿರುತ್ತೆ.”

ನನಗೀಗ ಸ್ಪ್ರಿಂಗು ಸಡಿಲವಾಗಿದೆ, ಒತ್ತಿದರೆ ಅರ್ಧ ಸದ್ದು. ಟಿವಿ ಪಕ್ಕದ ಗೂಡಿನಲ್ಲಿ ಕೂತಿದ್ದೇನೆ. ಏಳೂವರೆಗೆ ರಸಪ್ರಶ್ನೆ ಮತ್ತೆ ನಡೆಯುತ್ತದೆ. ಮನೆಗೆ ಇನ್ನೊಂದು ಕುರ್ಚಿ ಬಂದಿದೆ. ಗೊತ್ತಾದವರು ಕೈ ಎತ್ತಿ ಹೇಳುತ್ತಾರೆ. ಅದು ಮುಗಿದಮೇಲೆ ಸಾಹೇಬರು ಪುಸ್ತಕದ ಒಂದೊಂದೇ ಪುಟ ಓದುತ್ತಾರೆ, ಓಬಳಮ್ಮ ಕೂತು ಕೇಳುತ್ತಾಳೆ. ಅವಳಂತೆ ನಾನೂ ಇಷ್ಟು ವರ್ಷ ಎಲ್ಲದರ ಮೊದಲನ್ನು ಮಾತ್ರ ಕೇಳಿದ್ದೆ. ಈಗ ಕೊನೆಯವರೆಗೂ ಕೇಳುತ್ತೇನೆ, ನಡುವೆ ಯಾರೂ ನನ್ನನ್ನು ಒತ್ತುವುದಿಲ್ಲ.